ಸೆರೆಶಿಬಿರದಲ್ಲಿ ಪಾಸ್ಕ ಹಬ್ಬ: ವಂದನೀಯ ಎಮಿಲ್ ಕಪಾನ್ ಸ್ವಾಮಿಯವರ ಜೀವನ

ಒಂದು ದೇವಾಲಯವು ನೂರು ವರ್ಷಗಳನ್ನು ಪೂರೈಸಿತೆಂದರೆ, ಅದರ ಪೀಠದ ಮುಂದೆ ನೂರು ಪಾಸ್ಕ ಹಬ್ಬಗಳೂ ನೂರು ಕ್ರಿಸ್ತಜಯಂತಿಗಳೂ ನೆರವೇರಿವೆ ಎಂದರ್ಥ. ಹಬ್ಬದ ದಿನ ಬಂದು ಸೇರಿದವರನ್ನು ಎಣಿಸುವುದು ಸುಲಭ. ಬರಲಾಗದೆ ದೂರದಲ್ಲಿ ಉಳಿದವರನ್ನು ಎಣಿಸುವವರು ಯಾರು? ಪ್ರತಿಯೊಂದು ಹಬ್ಬದಲ್ಲಿಯೂ ಯಾವುದೋ ಒಂದು ಮನೆಯ ಪಂಕ್ತಿಯಲ್ಲಿ ಒಂದು ಎಲೆ ಬರಿದಾಗಿರುತ್ತದೆ. ಗಡಿ ಕಾಯುವ ಮಗನದು, ಹಡಗಿನಲ್ಲಿ ದುಡಿಯುವ ಅಣ್ಣನದು, ಪರನಾಡಿನ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ರೋಗಿಗಳ ಬಳಿ ಎಚ್ಚರವಿರುವ ಮಗಳದು ಆ ಎಲೆ. ಮನೆಯವರು ಅವರನ್ನು ನೆನೆದು ಕಣ್ಣೀರಿಡುತ್ತಾರೆ. ಆದರೆ ಅವರು ಇರುವಲ್ಲಿ ಹಬ್ಬವೆಂಬುದು ಉಂಟೇ? ಗಂಟೆಯಿಲ್ಲದೆ, ಬಂಧುಬಳಗವಿಲ್ಲದೆ, ಕೆಲವೊಮ್ಮೆ ಬಲಿಪೂಜೆಯೂ ಇಲ್ಲದೆ ಕಳೆಯುವ ದಿನವನ್ನು ಹಬ್ಬವೆಂದು ಕರೆಯಬಹುದೇ? ಪ್ರಿಯ ವಾಚಕರೇ, ಈ ಪ್ರಶ್ನೆಗೆ ತನ್ನ ಪ್ರಾಣವನ್ನೇ ತೆತ್ತು ಉತ್ತರವಿತ್ತ ಒಬ್ಬ ಹಳ್ಳಿಯ ಗುರುವಿನ ಜೀವನವನ್ನು ಈ ಶತಮಾನೋತ್ಸವದ ಸಂಚಿಕೆಯಲ್ಲಿ ತಮ್ಮ ಮುಂದಿಡಲು ಬಯಸುತ್ತೇವೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಕಾನ್ಸಸ್ ರಾಜ್ಯವು ಗೋಧಿಯ ನಾಡು. ಯೂರೋಪಿನ ಬೊಹೀಮಿಯದಿಂದ ವಲಸೆ ಬಂದ ಚೆಕ್ ಭಾಷೆಯ ರೈತರು ಅಲ್ಲಿ ಪಿಲ್ಸೆನ್ ಎಂಬ ಹಳ್ಳಿಯಲ್ಲಿ ನೆಲೆಸಿ, ತಮ್ಮ ಪೂರ್ವಜರ ನಾಡಿನ ರಕ್ತಸಾಕ್ಷಿಯಾದ ಸಂತ ಜಾನ್ ನೆಪೋಮುಕರ ಹೆಸರಿನಲ್ಲಿ ದೇವಾಲಯವೊಂದನ್ನು ಕಟ್ಟಿಕೊಂಡರು. ಆ ಊರಿನ ಹೊರವಲಯದ ಒಂದು ಬಡ ರೈತ ಮನೆಯಲ್ಲಿ, ಈನೋಸ್ ಕಪಾನ್ ಮತ್ತು ಎಲಿಜಬೆತ್ ದಂಪತಿಗಳಿಗೆ 1916ರ ಏಪ್ರಿಲ್ 20ರಂದು ಎಮಿಲ್ ಜನಿಸಿದನು. ಅಂದು ಪವಿತ್ರ ಗುರುವಾರ. ನಮ್ಮ ಪ್ರಭುವು ಪರಮಪ್ರಸಾದವನ್ನೂ ಗುರುತ್ವವನ್ನೂ ಸ್ಥಾಪಿಸಿದ ದಿನದಂದೇ ಹುಟ್ಟಿದ ಈ ಮಗು ಮುಂದೆ ಗುರುವಾಗುವುದೆಂದು ಅಂದು ಯಾರು ತಾನೇ ಊಹಿಸಿದ್ದರು? ಎಂಟು ವರ್ಷಗಳ ಬಳಿಕ ಯೂಜೀನ್ ಎಂಬ ತಮ್ಮನು ಹುಟ್ಟಿದನು. ನಾಲ್ವರ ಆ ಕುಟುಂಬದಲ್ಲಿ ಹಣವಿರಲಿಲ್ಲ, ಕೆಲಸವಿತ್ತು, ಜಪವಿತ್ತು. ಮುರಿದದ್ದನ್ನು ಎಸೆಯದೆ ಸರಿಪಡಿಸುವುದು, ಇದ್ದುದರಲ್ಲಿಯೇ ಹೊಸದನ್ನು ಮಾಡಿಕೊಳ್ಳುವುದು, ದನಕರುಗಳ ಹೊತ್ತು ಹೊತ್ತಿನ ಆರೈಕೆಯನ್ನು ತಪ್ಪಿಸದಿರುವುದು, ಇವೆಲ್ಲವನ್ನೂ ಎಮಿಲ್ ತಂದೆಯಿಂದ ಕಲಿತನು. ಈ ಪಾಠಗಳು ಮುಂದೆ ಎಷ್ಟೋ ಜೀವಗಳನ್ನು ಉಳಿಸಲಿದ್ದವು.

ಪೀಠಬಾಲಕನಾಗಿ ಸೇವೆ ಸಲ್ಲಿಸುತ್ತಿದ್ದ ಈ ಹುಡುಗನಲ್ಲಿ ದೈವಕರೆಯನ್ನು ಗುರುತಿಸಿದವರು ಊರಿನ ವಿಚಾರಣೆ ಗುರುಗಳಾದ ಜಾನ್ ಸ್ಕ್ಲೆನಾರ್ ಸ್ವಾಮಿಯವರು. ಮಿಸೌರಿ ರಾಜ್ಯದ ಕನ್ಸೆಪ್ಶನ್ ಮಠದ ಶಾಲೆಯಲ್ಲಿಯೂ ಆಮೇಲೆ ಸೇಂಟ್ ಲೂಯಿಸ್ ನಗರದ ಕೆನ್ರಿಕ್ ಗುರುಮಠದಲ್ಲಿಯೂ ಅಭ್ಯಾಸ ಮಾಡಿ, 1940ರ ಜೂನ್ 9ರಂದು ವಿಚಿಟಾ ಪಟ್ಟಣದಲ್ಲಿ ಎಮಿಲ್ ಗುರುದೀಕ್ಷೆಯನ್ನು ಪಡೆದರು. ತಮ್ಮ ಮೊದಲ ಬಲಿಪೂಜೆಯನ್ನು ಪಿಲ್ಸೆನಿನಲ್ಲಿಯೇ ಅರ್ಪಿಸಿದರು. ಧರ್ಮಾಧ್ಯಕ್ಷರು ಅವರನ್ನು ಅದೇ ವಿಚಾರಣೆಗೆ ಸಹಾಯಕ ಗುರುವಾಗಿ ನೇಮಿಸಿದರು. ಹುಟ್ಟಿದ ಊರಿನಲ್ಲಿ ಗುರುವಾಗಿರುವುದು ಹೊರಗಿನವರಿಗೆ ಸುಖವಾಗಿ ಕಂಡೀತು. ಆದರೆ ತನ್ನನ್ನು ಮಗುವಾಗಿದ್ದಾಗಿನಿಂದ ಎತ್ತಿ ಆಡಿಸಿದ ಹಿರಿಯರು ತನ್ನ ಮುಂದೆ ಮೊಣಕಾಲೂರಿ ಪಾಪನಿವೇದನೆ ಮಾಡಲು ಸಂಕೋಚಪಡುವರೆಂಬುದನ್ನು ಎಮಿಲ್ ಸ್ವಾಮಿಯವರು ಬೇಗನೆ ಅರಿತರು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲವದು. ಹತ್ತಿರದ ಹೆರಿಂಗ್ಟನ್ ವಿಮಾನನೆಲೆಗೆ ಹೋಗಿ ಅಲ್ಲಿನ ಸೈನಿಕರಿಗೆ ಪೂಜೆ ಮಾಡುತ್ತಿದ್ದ ಅವರು, ತಮ್ಮನ್ನು ಸೇನೆಗೆ ಕಳುಹಿಸಬೇಕೆಂದು ಧರ್ಮಾಧ್ಯಕ್ಷರಲ್ಲಿ ಅರಿಕೆ ಮಾಡಿಕೊಂಡರು. 1944ರಲ್ಲಿ ಅನುಮತಿ ದೊರೆಯಿತು.

ಸೇನಾಗುರುವಾಗಿ ಅವರು ದಾಟಿದ ಮೊದಲ ಸಮುದ್ರವು ಅವರನ್ನು ನಮ್ಮ ಕಡೆಗೇ ಕರೆತಂದಿತು. 1945ರ ವಸಂತದಿಂದ ಮರುವರ್ಷದವರೆಗೆ ಅವರು ಭಾರತ ಮತ್ತು ಬರ್ಮಾ ಯುದ್ಧವಲಯದಲ್ಲಿ ಕೆಲಸ ಮಾಡಿದರು. ಕಾಡುದಾರಿಗಳಲ್ಲಿ ನೂರಾರು ಮೈಲಿ ತಿರುಗಿ, ಚದರಿ ಹೋಗಿದ್ದ ತುಕಡಿಗಳಿಗೆ ಬಲಿಪೂಜೆಯನ್ನು ಒಯ್ದರು. ಗೋಧಿಯ ಬಯಲಿನಿಂದ ಬಂದ ಆ ಗುರುವಿಗೆ ತಂದೆತಾಯಿಗಳಿಲ್ಲದ ಹಬ್ಬಗಳ ಪರಿಚಯವಾದದ್ದು ಆಗಲೇ. ಹಬ್ಬದಂದು ಸೈನಿಕನಿಗೆ ಗುಂಡಿನ ಭಯಕ್ಕಿಂತ ಮನೆಯ ನೆನಪೇ ಹೆಚ್ಚು ನೋವು ಕೊಡುತ್ತದೆಂಬುದನ್ನು ಅವರು ಕಣ್ಣಾರೆ ಕಂಡರು.

ಯುದ್ಧ ಮುಗಿದು ಊರಿಗೆ ಮರಳಿ, ವಾಷಿಂಗ್ಟನ್ನಿನ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ಉನ್ನತ ಪದವಿಯನ್ನು ಪಡೆದು, ಕಾನ್ಸಸಿನ ಟಿಮ್ಕೆನ್ ಎಂಬ ಊರಿನಲ್ಲಿ ಕೆಲಕಾಲ ವಿಚಾರಣೆ ಗುರುವಾಗಿದ್ದರು. ಆದರೆ ಕುರುಬನಿಲ್ಲದ ಕುರಿಗಳು ಸೇನೆಯಲ್ಲಿ ಎಷ್ಟೋ ಇವೆಯೆಂಬ ಚಿಂತೆ ಅವರನ್ನು ಬಿಡಲಿಲ್ಲ. 1948ರಲ್ಲಿ ಮತ್ತೆ ಸೇನೆ ಸೇರಿದರು. 1950ರ ಆರಂಭದಲ್ಲಿ ಅವರನ್ನು ಜಪಾನಿಗೆ ಕಳುಹಿಸಲಾಯಿತು. ಹೊರಡುವ ಮುನ್ನ ಅವರು ತಂದೆತಾಯಿಗಳನ್ನು ಕಂಡದ್ದೇ ಕೊನೆಯ ಭೇಟಿ.

1950ರ ಜೂನ್ 25ರಂದು ಕೊರಿಯಾ ಯುದ್ಧವು ಆರಂಭವಾಯಿತು. ಜುಲೈ 18ರಂದು ಅವರ 8ನೆಯ ಕ್ಯಾವಲ್ರಿ ರೆಜಿಮೆಂಟು ಪೊಹಾಂಗ್ ತೀರದಲ್ಲಿ ಇಳಿಯಿತು. ಜೀಪಿನ ಮುಂಭಾಗದ ಮೇಲೆ ಬಟ್ಟೆ ಹಾಸಿ ಅದನ್ನೇ ಪೀಠವಾಗಿಸಿ ಅವರು ಬಲಿಪೂಜೆ ಅರ್ಪಿಸುತ್ತಿದ್ದರು. ಜೀಪು ನಾಶವಾದ ಮೇಲೆ ಸೈಕಲ್ಲೊಂದನ್ನು ಸಂಪಾದಿಸಿಕೊಂಡು ತುಕಡಿಯಿಂದ ತುಕಡಿಗೆ ಹೋದರು. ಆಯುಧ ಹಿಡಿಯದ ಅವರು ಗುಂಡಿನ ಮಳೆಯಲ್ಲಿಯೇ ನುಗ್ಗಿ ಗಾಯಾಳುಗಳನ್ನು ಎಳೆದು ತರುತ್ತಿದ್ದರು. ಆಗಸ್ಟ್ ತಿಂಗಳಲ್ಲಿ ಮಾಡಿದ ಇಂಥದೊಂದು ಸಾಹಸಕ್ಕೆ ಅವರಿಗೆ ಕಂಚಿನ ನಕ್ಷತ್ರ ಪದಕವು ಸಂದಿತು. ಒಮ್ಮೆ ಅವರ ಬಾಯಲ್ಲಿದ್ದ ಪೈಪೇ ಗುಂಡು ತಗುಲಿ ಮುರಿಯಿತು. ಮಡಿದವರ ಮನೆಗಳಿಗೆ ತಾವೇ ಕಾಗದ ಬರೆದು ತಾಯಂದಿರನ್ನು ಸಮಾಧಾನಪಡಿಸುವುದೂ ಅವರ ನಿತ್ಯದ ಕೆಲಸವಾಗಿತ್ತು.

ಅಕ್ಟೋಬರಿನಲ್ಲಿ ಅಮೆರಿಕದ ಸೇನೆಯು 38ನೆಯ ಅಕ್ಷಾಂಶವನ್ನು ದಾಟಿ ಉತ್ತರಕ್ಕೆ ನುಗ್ಗಿದಾಗ, ಯುದ್ಧ ಮುಗಿದಂತೆಯೇ ಎಂದು ಎಲ್ಲರೂ ಭಾವಿಸಿದರು. ಕ್ರಿಸ್ತಜಯಂತಿಯ ಹೊತ್ತಿಗೆ ಮನೆ ಸೇರುವೆವೆಂಬ ಮಾತು ಸೈನಿಕರ ಬಾಯಲ್ಲೆಲ್ಲ ಇತ್ತು. ಹೀಗಿರುವಾಗ ನವೆಂಬರ್ 1, ಸಕಲ ಸಂತರ ಹಬ್ಬವು ಬಂದಿತು. ಆ ದಿನವೇ ರೋಮಾಪುರಿಯಲ್ಲಿ ಜಗದ್ಗುರು ಹನ್ನೆರಡನೆಯ ಭಕ್ತಿನಾಥರು ದೇವಮಾತೆಯ ಸ್ವರ್ಗಾರೋಪಣವನ್ನು ವಿಶ್ವಾಸಸತ್ಯವೆಂದು ಘೋಷಿಸಿದರು. ರೋಮಿನಲ್ಲಿ ಲಕ್ಷಾಂತರ ಜನರ ಜಯಘೋಷ. ಉತ್ತರ ಕೊರಿಯಾದ ಉನ್ಸಾನ್ ಎಂಬಲ್ಲಿ ಕಪಾನ್ ಸ್ವಾಮಿಯವರು ದಣಿದ ಸೈನಿಕರಿಗಾಗಿ ಹಬ್ಬದ ಪೂಜೆಗಳನ್ನು ಅರ್ಪಿಸುತ್ತಿದ್ದರು. ಅದೇ ರಾತ್ರಿ ಚೀನೀ ಸೇನೆಯು ಅವರ ದಳವನ್ನು ಎಲ್ಲ ಕಡೆಯಿಂದಲೂ ಮುತ್ತಿತು.

ತಪ್ಪಿಸಿಕೊಳ್ಳಲು ಅವಕಾಶವಿತ್ತು. ಸಂಗಡಿಗರು ಒತ್ತಾಯಿಸಿದರು. ಆದರೆ ನಡೆಯಲಾರದ ಗಾಯಾಳುಗಳನ್ನು ಬಿಟ್ಟು ಹೋಗಲು ಅವರು ಒಪ್ಪಲಿಲ್ಲ. ಎಳೆದು ತರಬಹುದಾದವರನ್ನು ಎಳೆದು ತಂದರು. ತರಲಾಗದವರ ಸುತ್ತ ಮಣ್ಣು ತೋಡಿ ಗುಂಡಿನಿಂದ ಮರೆ ಮಾಡಿದರು. ಗಾಯಗೊಂಡು ಸೆರೆಸಿಕ್ಕಿದ್ದ ಒಬ್ಬ ಚೀನೀ ಅಧಿಕಾರಿಯ ಮೂಲಕ, ಶರಣಾಗುವ ಗಾಯಾಳುಗಳನ್ನು ಕೊಲ್ಲದಂತೆ ಏರ್ಪಾಡು ಮಾಡಿದರು. ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನದಂದು ಅವರು ಸೆರೆಯಾದರು. ಅವರನ್ನು ಕರೆದೊಯ್ಯುತ್ತಿದ್ದಾಗ, ಕಾಲು ಮುರಿದು ಹಳ್ಳದಲ್ಲಿ ಬಿದ್ದಿದ್ದ ಹರ್ಬರ್ಟ್ ಮಿಲ್ಲರ್ ಎಂಬ ಸಾರ್ಜೆಂಟನ ತಲೆಗೆ ಶತ್ರು ಸೈನಿಕನೊಬ್ಬನು ಬಂದೂಕಿನ ಗುರಿಯಿಟ್ಟದ್ದು ಅವರ ಕಣ್ಣಿಗೆ ಬಿತ್ತು. ಸ್ವಾಮಿಯವರು ನೇರವಾಗಿ ನಡೆದು ಹೋಗಿ, ಬಂದೂಕನ್ನು ಪಕ್ಕಕ್ಕೆ ತಳ್ಳಿ, ಮಿಲ್ಲರನನ್ನು ಎತ್ತಿ ಹೆಗಲಿಗೇರಿಸಿಕೊಂಡರು. ಬೆರಗಾದ ಆ ಸೈನಿಕನು ಗುಂಡು ಹಾರಿಸಲಿಲ್ಲ. ಮಿಲ್ಲರ್ ಬದುಕಿದನು; ಅರುವತ್ತು ವರ್ಷಗಳಿಗೂ ಮಿಕ್ಕಿದ ಕಾಲದ ಮೇಲೆ ಇದಕ್ಕೆ ಸಾಕ್ಷಿಯಾಗಿ ನಿಂತನು.

ಆಮೇಲೆ ಮಂಜುಗಡ್ಡೆಯ ಹಾದಿಯಲ್ಲಿ ಅನೇಕ ದಿನಗಳ ನಡಿಗೆ. ಬಿದ್ದವರನ್ನು ಎತ್ತಿ ಹೊರಬೇಕೆಂದು ಸ್ವಾಮಿಯವರು ಯಾರಿಗೂ ಆಜ್ಞೆ ಮಾಡಲಿಲ್ಲ. ತಾವೇ ಡೋಲಿಯ ಒಂದು ತುದಿಗೆ ಹೆಗಲು ಕೊಟ್ಟರು. ಅದನ್ನು ಕಂಡು ಉಳಿದವರೂ ಹೆಗಲು ಕೊಟ್ಟರು. ಕೊನೆಗೆ ಯಾಲು ನದಿಯ ದಡದ ಪ್ಯೋಕ್ತೋಂಗ್ ಎಂಬಲ್ಲಿದ್ದ 5ನೆಯ ಸೆರೆಶಿಬಿರವನ್ನು ಸೇರಿದರು.

ಮನೆಯಲ್ಲಿ ಕಳೆಯಬೇಕೆಂದಿದ್ದ 1950ರ ಕ್ರಿಸ್ತಜಯಂತಿಯು ಸೆರೆಯಲ್ಲಿಯೇ ಕಳೆಯಿತು. ಚಳಿಯು ಶೂನ್ಯಕ್ಕಿಂತ ಬಹಳ ಕೆಳಗೆ ಇಳಿದಿತ್ತು. ದಿನದ ಊಟವೆಂದರೆ ಒಂದಿಷ್ಟು ನವಣೆ, ಒಂದಿಷ್ಟು ಮುಸುಕಿನ ಜೋಳದ ನುಚ್ಚು. ಆಮಶಂಕೆ, ಹೇನು, ಹಸಿವು, ಶೀತ ಇವುಗಳಿಗೆ ಆ ಚಳಿಗಾಲದಲ್ಲಿ ನೂರಾರು ಮಂದಿ ಬಲಿಯಾದರು. ಇವೆಲ್ಲಕ್ಕಿಂತ ಭಯಂಕರವಾದ ರೋಗ ಇನ್ನೊಂದಿತ್ತು. ಬದುಕುವ ಆಸೆಯನ್ನೇ ಬಿಟ್ಟ ಯುವಕನು ಊಟವನ್ನು ದೂರ ಸರಿಸಿ, ಗೋಡೆಯ ಕಡೆಗೆ ತಿರುಗಿ ಮಲಗಿಬಿಡುತ್ತಿದ್ದನು. ಒಂದೆರಡು ದಿನಗಳಲ್ಲಿ ಅವನ ಪ್ರಾಣ ಹೋಗುತ್ತಿತ್ತು. ಅವನ ಮೈಯಲ್ಲಿ ಅಂಥ ಕಾಯಿಲೆಯೇನೂ ಕಾಣುತ್ತಿರಲಿಲ್ಲ. ಮನಸ್ಸು ಮೊದಲೇ ಸತ್ತಿರುತ್ತಿತ್ತು.

ಇಲ್ಲಿ ಹಳ್ಳಿಯ ರೈತನ ಮಗನು ಎಚ್ಚೆತ್ತನು. ಬಿದ್ದ ಮನೆಗಳ ಛಾವಣಿಯ ತಗಡನ್ನು ಕಲ್ಲಿನಿಂದ ಬಡಿದು ಪಾತ್ರೆಗಳನ್ನು ಮಾಡಿದರು. ಎಲ್ಲರಿಗಿಂತ ಮುಂಚೆ ಎದ್ದು, ಸೌದೆ ಹೊಂದಿಸಿ ನೀರು ಕಾಯಿಸಿ, ಮಲಗಿದಲ್ಲಿಗೇ ಬಿಸಿನೀರನ್ನು ಒಯ್ದು ಕುಡಿಸಿದರು. ಆಮಶಂಕೆಯಿಂದ ನರಳುವವರ ಹೊಲಸಾದ ಬಟ್ಟೆಗಳನ್ನು ಒಗೆದರು, ಅವರ ಮೈಯ ಹೇನುಗಳನ್ನು ಹೆಕ್ಕಿದರು. ಆಹಾರ ಹುಡುಕಲು ರಾತ್ರಿಯಲ್ಲಿ ಹೊರಟಾಗ, ಪ್ರಭುವಿನ ಬಲಗಡೆಯ ಶಿಲುಬೆಯಲ್ಲಿ ಸತ್ತ ಒಳ್ಳೆಯ ಕಳ್ಳನಾದ ಸಂತ ದಿಸ್ಮಾಸನನ್ನು ಪ್ರಾರ್ಥಿಸಿ, ಕಾವಲುಗಾರರ ಉಗ್ರಾಣದಿಂದ ಧಾನ್ಯವನ್ನು ತಂದು ಹಸಿದವರಿಗೆ ಹಂಚಿದರು. ಅಧಿಕಾರಿಗಳನ್ನೂ ಸಾಮಾನ್ಯ ಸೈನಿಕರನ್ನೂ ಬೇರೆ ಬೇರೆ ಆವರಣಗಳಲ್ಲಿ ಇಡಲಾಗಿತ್ತು. ಸ್ವಾಮಿಯವರು ಕತ್ತಲಲ್ಲಿ ನುಸುಳಿ ಸೈನಿಕರ ಗುಡಿಸಲುಗಳಿಗೆ ಹೋಗಿ, ಪಿಸುದನಿಯಲ್ಲಿ ಜಪ ಹೇಳಿಸಿ, ಆಶೀರ್ವದಿಸಿ ಬರುತ್ತಿದ್ದರು. ದೇವರಿಲ್ಲವೆಂದು ಬೋಧಿಸುವ ತರಗತಿಗಳಲ್ಲಿ ಕೋಪಗೊಳ್ಳದೆ, ಶಾಂತವಾಗಿ ಉತ್ತರ ಕೊಡುತ್ತಿದ್ದರು. ಸೆರೆಯಾಳುಗಳಿಗೆ ಅವರು ತಂದೆಯೂ ತಾಯಿಯೂ ಆದರು.

1951ರ ಮಾರ್ಚ್ 25ರಂದು ಪಾಸ್ಕ ಹಬ್ಬವು ಬಂದಿತು. ಗುರುವಾದವನಿಗೆ ಈ ದಿನಕ್ಕಿಂತ ದೊಡ್ಡ ದಿನವಿಲ್ಲ. ಆದರೆ ಕಪಾನ್ ಸ್ವಾಮಿಯವರ ಕೈಗಳು ಬರಿದಾಗಿದ್ದವು. ಗೋಧಿಯ ರೊಟ್ಟಿಯೂ ದ್ರಾಕ್ಷಾರಸವೂ ಇಲ್ಲದೆ ಬಲಿಪೂಜೆಯನ್ನು ಅರ್ಪಿಸುವಂತಿಲ್ಲ. ಆ ಕಣಿವೆಯಲ್ಲಿ ಎರಡೂ ಇರಲಿಲ್ಲ. ಗೋಧಿಯ ಹೊಲಗಳ ನಡುವೆ ಪವಿತ್ರ ಗುರುವಾರದಂದು ಹುಟ್ಟಿದ ಗುರುವಿಗೆ, ಪುನರುತ್ಥಾನದ ದಿನ ಒಂದು ಚೂರು ಗೋಧಿರೊಟ್ಟಿಯೂ ಸಿಗಲಿಲ್ಲ. ಈ ಕೊರತೆ ಅವರನ್ನು ಎಷ್ಟು ಬಾಧಿಸಿರಬೇಕೆಂದು ಪ್ರತಿಯೊಬ್ಬ ಗುರುವೂ ಬಲ್ಲನು. ಆ ದಿನವನ್ನು ಸುಮ್ಮನೆ ಕಳೆದುಬಿಟ್ಟಿದ್ದರೆ ಅವರನ್ನು ದೂಷಿಸುವವರು ಯಾರೂ ಇರಲಿಲ್ಲ. ಅವರು ಹಾಗೆ ಮಾಡಲಿಲ್ಲ.

ಸೂರ್ಯೋದಯದ ಹೊತ್ತಿಗೆ, ಬೆಂಕಿಯಲ್ಲಿ ಸುಟ್ಟು ಪಾಳಾಗಿದ್ದ ಹಳೆಯ ಚರ್ಚೊಂದರ ಬಳಿ ಹತ್ತಾರು ಸೆರೆಯಾಳುಗಳು ಒಟ್ಟುಗೂಡಿದರು. ಕಥೋಲಿಕರಿದ್ದರು, ಪ್ರಾಟೆಸ್ಟಂಟರಿದ್ದರು, ಯೆಹೂದ್ಯರಿದ್ದರು, ಯಾವ ನಂಬಿಕೆಯೂ ಇಲ್ಲದವರೂ ಇದ್ದರು. ಎರಡು ಕಟ್ಟಿಗೆಗಳನ್ನು ಕಟ್ಟಿ ಮಾಡಿದ ಒರಟು ಶಿಲುಬೆಯೊಂದಿತ್ತು. ಹಬ್ಬದ ಬಿಳಿಯ ಪೂಜಾವಸ್ತ್ರವಿರಲಿಲ್ಲ. ಪಾಪನಿವೇದನೆಗೆ ಬಳಸುವ ನೇರಳೆ ಪಟ್ಟಿಯನ್ನೇ ಸ್ವಾಮಿಯವರು ಕೊರಳಿಗೆ ಹಾಕಿಕೊಂಡರು. ಎರವಲು ಪಡೆದ ಪೂಜಾಪುಸ್ತಕದಿಂದ ಪ್ರಭುವಿನ ಯಾತನೆಯ ವೃತ್ತಾಂತವನ್ನು ಓದಿದರು. ಹಸಿದವರಿಗೆ, ಹೊಡೆತ ತಿಂದವರಿಗೆ, ಕಾವಲುಗಾರರ ನಡುವೆ ನಿಂತವರಿಗೆ ಆ ವೃತ್ತಾಂತವನ್ನು ವಿವರಿಸಿ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಜಪಸರವನ್ನು ಪ್ರಾರ್ಥಿಸಲಾಯಿತು. ಕ್ರಿಸ್ತನು ಕಲಿಸಿದ ಪ್ರಾರ್ಥನೆಯನ್ನು ಹಾಡಲಾಯಿತು. ಆ ಹಾಡು ಬೇರೆ ಆವರಣಗಳಲ್ಲಿದ್ದ ಸೈನಿಕರಿಗೂ ಕೇಳಿಸಲೆಂಬುದು ಅವರ ಆಸೆಯಾಗಿತ್ತು. ಅನೇಕರು ಅತ್ತರು. ಕಾವಲುಗಾರರು ನೋಡುತ್ತ ನಿಂತರು.

ಬಲಿಪೂಜೆಯಿಲ್ಲದ ಆ ಪಾಸ್ಕವನ್ನು ಬದುಕಿ ಬಂದ ಸೆರೆಯಾಳುಗಳು ತಮ್ಮ ಜೀವಮಾನವಿಡೀ ಮರೆಯಲಿಲ್ಲ. ಏಕೆ? ಅಂದು ಅವರ ಹೊಟ್ಟೆ ತುಂಬಲಿಲ್ಲ, ಸೆರೆಯ ಬಾಗಿಲೂ ತೆರೆಯಲಿಲ್ಲ. ಆದರೆ ಮನೆಯಿಂದ ದೂರವಾಗಿ ಒಬ್ಬೊಬ್ಬನೇ ಸಾಯುತ್ತಿದ್ದ ಆ ಜನರು ಒಂದು ಗಳಿಗೆ ಒಂದೇ ಕುಟುಂಬವಾದರು. ಗೋಡೆಯ ಕಡೆಗೆ ತಿರುಗಿ ಮಲಗಿದ್ದವನು ಮುಖವೆತ್ತಿ ಮೂಡಣವನ್ನು ನೋಡಿದನು. ಚಳಿಗಾಲವೆಲ್ಲ ಬಿಸಿನೀರು ಹೊತ್ತು ತಂದ ಕೈಗಳೇ ಅಂದು ಶಿಲುಬೆಯ ಮುಂದೆ ಎತ್ತಿದ್ದವು. ಆದುದರಿಂದಲೇ ಆ ಪ್ರಾರ್ಥನೆಯನ್ನು ನಂಬದವರೂ ನಂಬಿದರು.

ಮುಂದಿನ ಭಾನುವಾರ ಪ್ರಾರ್ಥನೆ ನಡೆಸುತ್ತಿದ್ದಾಗಲೇ ಸ್ವಾಮಿಯವರು ಕುಸಿದು ಬಿದ್ದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಊದಿಕೊಂಡಿತ್ತು. ಸೆರೆಯಲ್ಲಿದ್ದ ಅಮೆರಿಕದ ವೈದ್ಯರು ಮದ್ದಿಲ್ಲದಿದ್ದರೂ ಶಕ್ತಿ ಮೀರಿ ಆರೈಕೆ ಮಾಡಿದರು. ಸ್ವಲ್ಪ ಚೇತರಿಸಿಕೊಂಡರು. ಅಷ್ಟರಲ್ಲಿ ಆಮಶಂಕೆಯೂ ನ್ಯುಮೋನಿಯಾವೂ ಬಂದೆರಗಿದವು. ಏಪ್ರಿಲ್ 20ಕ್ಕೆ ಅವರಿಗೆ 35 ವರ್ಷ ತುಂಬಿತು. ನೋವಿನಿಂದ ಕಣ್ಣೀರು ಹರಿಯುತ್ತಿದ್ದಾಗ, ಮಕ್ಕಬಿಯರ ಗ್ರಂಥದಲ್ಲಿ ಬರುವ ಏಳು ಮಂದಿ ಸಹೋದರರ ಮತ್ತು ಅವರ ತಾಯಿಯ ಕಥೆಯನ್ನು ಅವರು ಹತ್ತಿರದವರಿಗೆ ಹೇಳಿದರು. ತನ್ನ ಮಕ್ಕಳು ದೇವರಿಗಾಗಿ ಪ್ರಾಣ ಕೊಡುವುದನ್ನು ಕಂಡ ಆ ತಾಯಿಯಂತೆ ತಾವೂ ಸಂತೋಷದಿಂದಲೇ ಅಳುತ್ತಿರುವುದಾಗಿ ತಿಳಿಸಿದರು. ಆಗ ಸಾಗರದಾಚೆಯ ಕಾನ್ಸಸಿನ ಅಡಿಗೆಮನೆಯಲ್ಲಿ ಮಗನ ಸುದ್ದಿಗಾಗಿ ಕಾಯುತ್ತಿದ್ದ ಎಲಿಜಬೆತಮ್ಮನವರ ನೆನಪು ಅವರಿಗೆ ಬಾರದೆ ಇದ್ದೀತೇ?

ಕಾವಲುಗಾರರು ಅವರನ್ನು ಆಸ್ಪತ್ರೆಗೆ ಒಯ್ಯಲು ಬಂದರು. ಆಸ್ಪತ್ರೆಯೆಂಬುದು ಹೆಸರಿಗೆ ಮಾತ್ರ; ಅಲ್ಲಿಗೆ ಹೋದವರು ಮರಳುವುದು ಅಪರೂಪವೆಂದು ಎಲ್ಲರಿಗೂ ಗೊತ್ತಿತ್ತು. ಸೆರೆಯಾಳುಗಳು ಅಡ್ಡಗಟ್ಟಿ ನಿಂತರು. ಸ್ವಾಮಿಯವರು ಅವರನ್ನು ತಡೆದು, ತನಗಾಗಿ ಅಳಬಾರದೆಂದೂ ತಾನು ಸದಾ ಬಯಸಿದ ಸ್ಥಳಕ್ಕೇ ಹೋಗುತ್ತಿರುವೆನೆಂದೂ ಹೇಳಿ, ಅಲ್ಲಿ ಎಲ್ಲರಿಗಾಗಿ ಪ್ರಾರ್ಥಿಸುವುದಾಗಿ ಮಾತು ಕೊಟ್ಟರು. ತಮ್ಮನ್ನು ಸಾವಿಗೆ ಒಯ್ಯುತ್ತಿದ್ದವರನ್ನು ಕ್ಷಮಿಸಿ ಆಶೀರ್ವದಿಸಿದರು. 1951ರ ಮೇ 23ರಂದು ಅವರು ಪ್ರಭುವಿನಲ್ಲಿ ನಿದ್ರೆ ಹೋದರು.

1953ರ ಜುಲೈ 27ರಂದು ಯುದ್ಧವಿರಾಮವಾಯಿತು. ತಾಯ್ನಾಡಿಗೆ ಮರಳಲು ಒಪ್ಪದ ಸೆರೆಯಾಳುಗಳ ವಿಷಯವನ್ನು ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನವರೇ ಆದ ಜನರಲ್ ಕೆ. ಎಸ್. ತಿಮ್ಮಯ್ಯನವರೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಅವರೊಡನೆ ಹೋದ ಭಾರತದ ಯೋಧರೂ ಆ ವರ್ಷದ ಹಬ್ಬಗಳನ್ನು ಕೊರಿಯಾದ ಅದೇ ಚಳಿಯಲ್ಲಿ, ಮನೆಯವರಿಂದ ದೂರವಾಗಿ ಕಳೆದರು.

ಊರಿಗೆ ಮರಳಿದ ಅಮೆರಿಕದ ಸೆರೆಯಾಳುಗಳು ತಮ್ಮೊಡನೆ ಎರಡು ವಸ್ತುಗಳನ್ನು ತಂದರು. ಒಂದು, ಕಪಾನ್ ಸ್ವಾಮಿಯವರ ಪರಮಪ್ರಸಾದದ ಪಾತ್ರೆ. ಇನ್ನೊಂದು, ಸೌದೆಯ ಮರದಲ್ಲಿ ಕೆತ್ತಿದ, ತಂತಿಯ ಮುಳ್ಳುಕಿರೀಟ ತೊಟ್ಟ, ದೊಡ್ಡದೊಂದು ಶಿಲುಬೆ. ಅದನ್ನು ಕೆತ್ತಿದವರು ಜೆರಾಲ್ಡ್ ಫಿಂಕ್ ಎಂಬ ವಿಮಾನ ಚಾಲಕರು. ಅವರು ಯೆಹೂದ್ಯರು, ಸ್ವಾಮಿಯವರು ತೀರಿಕೊಂಡ ಮೇಲೆ ಶಿಬಿರಕ್ಕೆ ಬಂದವರು. ತಾನು ಕಣ್ಣಿನಿಂದ ಕಾಣದ ಗುರುವಿನ ವಿಷಯವಾಗಿ ಸಂಗಡಿಗರು ಹೇಳಿದ್ದನ್ನು ಕೇಳಿಯೇ ಅವರು ತಿಂಗಳುಗಟ್ಟಲೆ ಆ ಶಿಲುಬೆಯನ್ನು ಕೆತ್ತಿದರು. ವಿಚಿಟಾದಲ್ಲಿ ಸ್ವಾಮಿಯವರ ಹೆಸರಿನ ಶಾಲೆಗೆ ಆ ಶಿಲುಬೆಯು ಸೇರಿತು.

1993ರಲ್ಲಿ ಧರ್ಮಸಭೆಯು ಅವರನ್ನು ದೇವರ ಸೇವಕರೆಂದು ಕರೆಯಿತು. 2013ರ ಏಪ್ರಿಲ್ 11ರಂದು ಅಮೆರಿಕವು ತನ್ನ ಅತ್ಯುನ್ನತ ಶೌರ್ಯ ಪದಕವನ್ನು ಮರಣೋತ್ತರವಾಗಿ ಅರ್ಪಿಸಿದಾಗ, ವಯೋವೃದ್ಧರಾದ ಹರ್ಬರ್ಟ್ ಮಿಲ್ಲರ್ ಅಲ್ಲಿ ಉಪಸ್ಥಿತರಿದ್ದರು. ಹವಾಯಿ ದ್ವೀಪದ ಸೈನಿಕ ಸ್ಮಶಾನದಲ್ಲಿ ಹೆಸರಿಲ್ಲದೆ ಹೂಳಲ್ಪಟ್ಟಿದ್ದ ಅಸ್ಥಿಗಳು ಅವರವೇ ಎಂದು 2021ರ ಮಾರ್ಚಿನಲ್ಲಿ ಖಚಿತವಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ, ಎಪ್ಪತ್ತು ವರ್ಷಗಳ ನಂತರ, ಅವರ ಪಾರ್ಥಿವ ಶರೀರವು ಕಾನ್ಸಸಿನ ನೆಲಕ್ಕೆ ಮರಳಿ, ಜ್ಞಾನಸ್ನಾನ ಪಡೆದ ಪಿಲ್ಸೆನಿನ ದೇವಾಲಯವನ್ನು ಕಂಡು, ವಿಚಿಟಾದ ಪ್ರಧಾನಾಲಯದಲ್ಲಿ ವಿಶ್ರಾಂತಿ ಪಡೆಯಿತು. 2025ರ ಫೆಬ್ರವರಿಯಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸರು ತಾವೇ ಆಸ್ಪತ್ರೆಯಲ್ಲಿದ್ದಾಗ, ಇತರರಿಗಾಗಿ ಜೀವವನ್ನು ಅರ್ಪಿಸಿದ ಈ ಗುರುವನ್ನು ವಂದನೀಯರೆಂದು ಸಾರುವ ನಿರ್ಣಯಕ್ಕೆ ಸಮ್ಮತಿಯಿತ್ತರು.

ಪ್ರಿಯ ವಾಚಕರೇ, ಕಪಾನ್ ಸ್ವಾಮಿಯವರು ತಂದೆತಾಯಿಗಳೊಡನೆ ಮತ್ತೊಂದು ಹಬ್ಬವನ್ನು ಕಾಣಲಿಲ್ಲ. ಆದರೆ ತಾವಿದ್ದಲ್ಲಿ ಯಾರಿಗೂ ಹಬ್ಬವು ತಪ್ಪದಂತೆ ನೋಡಿಕೊಂಡರು. ನಮ್ಮ ಪಂಕ್ತಿಯ ಬರಿದಾದ ಎಲೆಯನ್ನು ನೋಡಿ ದುಃಖಿಸುವುದು ಸಹಜ. ಆದರೆ ಅಷ್ಟಕ್ಕೇ ನಿಲ್ಲದಿರೋಣ. ದೂರದಲ್ಲಿರುವವರಿಗೆ ಹಬ್ಬಕ್ಕೆ ಮುಂಚೆಯೇ ಒಂದು ಕಾಗದ ಬರೆಯೋಣ, ಅವರ ಹೆಸರನ್ನು ಪೀಠದ ಮುಂದೆ ಹೇಳೋಣ. ನಮ್ಮ ಊರಿನಲ್ಲಿಯೇ ಮನೆಯಿಂದ ದೂರವಾಗಿ ದುಡಿಯಲು ಬಂದವರು ಇದ್ದಾರೆ. ಹಬ್ಬದಂದು ಆ ಎಲೆಯ ಮುಂದೆ ಅವರಲ್ಲೊಬ್ಬರನ್ನು ಕರೆದು ಕೂರಿಸೋಣ. ನಮ್ಮ ದೇವಾಲಯದ ಎರಡನೆಯ ಶತಮಾನವು ಹೀಗೆ ಆರಂಭವಾಗಲಿ. ಪುನರುತ್ಥಾನರಾದ ಪ್ರಭುವು ದೂರವಿರುವವರನ್ನೂ ಹತ್ತಿರವಿರುವವರನ್ನೂ ಒಂದೇ ಕುಟುಂಬವಾಗಿ ಕಾಪಾಡಲಿ. ಆಮೆನ್.